ಕೇಶರಕ್ಷಣೆಯ ಅರ್ಥಶಾಸ್ತ್ರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಮನುಷ್ಯನ ದೇಹದಲ್ಲಿ ಕೂದಲಿನಷ್ಟು ಹಗುರವಾದದ್ದು ಮತ್ತೊಂದಿಲ್ಲ. ಆದರೆ ಅದು ಉದುರತೊಡಗಿದಾಗ ಮನಸ್ಸಿನ ಮೇಲೆ ಬೀಳುವ ಭಾರಕ್ಕೆ ಎಣೆಯೂ ಇಲ್ಲ. ಖಲ್ವಾಟನಾದವನು ದರಿದ್ರನಾಗಿರುವುದು ಅಪೂರ್ವವೆಂದು ನಮ್ಮ ಹಿರಿಯರಲ್ಲಿ ಒಂದು ಮಾತುಂಟು. ಇಂದು ಶಿವಾಜಿನಗರದಿಂದ ಹೊರಟು ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದವರೆಗೆ ಹೋಗುವವನು ದಾರಿಯುದ್ದಕ್ಕೂ ಕಾಣುವ ಕೇಶಚಿಕಿತ್ಸೆಯ ಫಲಕಗಳನ್ನು ಓದುತ್ತ ಹೋದರೆ ಆ ಮಾತಿಗೆ ಒಂದು ತಿದ್ದುಪಡಿ ಅಗತ್ಯವೆಂದು ಅವನಿಗೆ ತೋರದಿರದು. ಖಲ್ವಾಟನು ದರಿದ್ರನಾಗಿ ಹುಟ್ಟದಿರಬಹುದು. ಚಿಕಿತ್ಸೆ ಮುಗಿಯುವ ವೇಳೆಗೆ ಹಾಗಾಗಿಬಿಡುವುದು ಮಾತ್ರ ಅಸಾಧ್ಯವೇನಲ್ಲ.

ಈ ವಿಷಯವನ್ನು ಕುರಿತು ಬರೆಯಲು ನಿನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನಾನು ವೈದ್ಯನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಹಲಸೂರಿನಲ್ಲಿ ನನ್ನ ತಂದೆಯವರದೊಂದು ಸಣ್ಣ ಕ್ಷೌರದಂಗಡಿಯಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಕತ್ತರಿಯ ಸದ್ದನ್ನು ಮಾತ್ರ ಹುಟ್ಟಿದಂದಿನಿಂದ ಕೇಳಿದ್ದೇನೆ. ಕನ್ನಡಿಯ ಮುಂದೆ ಕುಳಿತ ಗಿರಾಕಿಗಳು, ಅದರಲ್ಲಿಯೂ ನನ್ನ ವಯಸ್ಸಿನವರು, ನೆತ್ತಿಯನ್ನು ಮುಟ್ಟಿ ತೋರಿಸಿ, ದನಿ ತಗ್ಗಿಸಿ, “ಇದಕ್ಕೇನಾದರೂ ಉಪಾಯ ಉಂಟೇ?” ಎಂದು ಕೇಳುವುದನ್ನು ನೂರಾರು ಸಲ ಕಂಡಿದ್ದೇನೆ. ಆ ಪ್ರಶ್ನೆಗೆ ಪೇಟೆಯಲ್ಲಿ ಹತ್ತು ಬಗೆಯ ಉತ್ತರಗಳು ಹತ್ತು ಬಗೆಯ ಬೆಲೆಗಳಲ್ಲಿ ದೊರೆಯುತ್ತವೆ. ಯಾವ ಉತ್ತರಕ್ಕೆ ಎಷ್ಟು ಬೆಲೆ, ಆ ಬೆಲೆಗೆ ತಕ್ಕ ಫಲವೆಷ್ಟು ಎಂಬುದನ್ನು ಯಥಾಶಕ್ತಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾರಣ, ಆಮೇಲೆ ಕಾಸು

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷಗಳ ಕಾಲ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಬಳಿಕ ಮೂರು ತಿಂಗಳಷ್ಟು ವಿಶ್ರಮಿಸಿ ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ, ಪ್ರಕೃತಿಯ ದಿನಚರಿ. ಬಾಚಣಿಗೆಯಲ್ಲಿ ನಾಲ್ಕೆಳೆ ಕಂಡೊಡನೆ ಗಾಬರಿಯಾಗಿ ಹಣದ ಚೀಲವನ್ನು ಬಿಚ್ಚುವವರು ಈ ಲೆಕ್ಕವನ್ನು ಮೊದಲು ನೆನಪಿನಲ್ಲಿಡತಕ್ಕದ್ದು.

ಇದಕ್ಕೆ ಮೀರಿ ಉದುರುವುದಾದರೆ ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಮೂರನ್ನು ಹೇಳುತ್ತೇನೆ. ಮೊದಲನೆಯದು ವಂಶಪಾರಂಪರ್ಯವಾದದ್ದು. ಗಂಡಸರ ದೇಹದಲ್ಲಿರುವ ಟೆಸ್ಟೋಸ್ಟೆರಾನ್ ಎಂಬ ರಸವು ಒಂದು ಕಿಣ್ವದ ಮೂಲಕ ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿ ಮಾರ್ಪಡುತ್ತದೆ. ಅದಕ್ಕೆ ಈಡಾಗುವ ಸ್ವಭಾವ ಹುಟ್ಟಿನಿಂದಲೇ ಇರುವ ನೆತ್ತಿಯ ಹಾಗೂ ಹಣೆಯ ಮೇಲಿನ ಕೂದಲ ಬುಡಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತವೆ. ಎರಡನೆಯದು ಹೆಚ್ಚು ಜ್ವರ, ಹೆರಿಗೆ, ಶಸ್ತ್ರಕ್ರಿಯೆ, ಅತಿಯಾದ ಉಪವಾಸ ಮುಂತಾದ ಆಘಾತಗಳಾದ ಎರಡು ಮೂರು ತಿಂಗಳಿಗೆ ತಲೆಯ ತುಂಬ ಒಮ್ಮೆಲೇ ಉದುರುವುದು. 2020 ಮತ್ತು 2021ರಲ್ಲಿ ಕೋವಿಡ್ ಬಂದು ಹೋದ ಅನೇಕರು ಇದನ್ನು ಕಂಡರು; ಡೆಂಗ್ಯೂ, ಟೈಫಾಯಿಡ್‌ಗಳ ನಂತರವೂ ಇದು ಸಾಮಾನ್ಯ. ಮೂರನೆಯದು ದೇಹದ ರಕ್ಷಣಾಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದು, ಅಲ್ಲಲ್ಲಿ ನಾಣ್ಯದ ಗಾತ್ರದಲ್ಲಿ ಬೋಳಾಗುವುದು. ಇವಲ್ಲದೆ ಕಬ್ಬಿಣದ ಕೊರತೆ, ಥೈರಾಯಿಡ್ ದೋಷ, ತಲೆಯ ಹುಳುಕಡ್ಡಿ ಇತ್ಯಾದಿಗಳೂ ಇವೆ.

ಈ ಭೇದವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಕಾರಣಕ್ಕೆ ತಕ್ಕ ಚಿಕಿತ್ಸೆ ಮತ್ತೊಂದಕ್ಕೆ ಬರೀ ಖರ್ಚು. ನನ್ನ ತಂಗಿಗೆ ಡೆಂಗ್ಯೂ ಬಂದು ವಾಸಿಯಾದ ಮೂರನೆಯ ತಿಂಗಳಿನಲ್ಲಿ ಜಡೆ ಅರ್ಧದಷ್ಟಾಯಿತು. ಮನೆಯಲ್ಲಿ ತಾಯಿಯ ಕಣ್ಣೀರು ನಿಲ್ಲಲಿಲ್ಲ. ಮುಂದೆ ಮದುವೆಯ ಗತಿಯೇನೆಂಬ ಚಿಂತೆ ಅವರದು. ಹತ್ತಿರದ ಖಾಸಗಿ ಚಿಕಿತ್ಸಾಲಯವೊಂದರಲ್ಲಿ, ಜ್ವರದ ವಿಚಾರವನ್ನೇ ಕೇಳದೆ, ಆರು ತಿಂಗಳ ಚಿಕಿತ್ಸೆಗೆ 36,000 ರೂಪಾಯಿಯೆಂದು ಹೇಳಿ, ಕಂತಿನಲ್ಲಿಯೂ ಕೊಡಬಹುದೆಂದು ಕಾಗದ ಮುಂದಿಟ್ಟರು. ತಾಯಿ ಬಳೆಗಳನ್ನು ಒತ್ತೆಯಿಡಲು ಸಿದ್ಧರಾಗಿದ್ದರು. ತಂದೆಯವರು, “ಇನ್ನೊಂದು ಕಡೆ ಕೇಳೋಣ” ಎಂದು ತಡೆದರು. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ವೈದ್ಯರು ಮೊದಲು ಕೇಳಿದ್ದೇ ಜ್ವರ ಬಂದ ತಾರೀಖನ್ನು. ಕೂದಲನ್ನು ಮೆಲ್ಲಗೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆಗಳನ್ನು ಬರೆದುಕೊಟ್ಟು, ಉಳಿದದ್ದು ತಾನಾಗಿಯೇ ಬರುತ್ತದೆಂದರು. ಏಳನೆಯ ತಿಂಗಳ ಹೊತ್ತಿಗೆ ಬಂದಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ತಾಯಿಗೂ ತಂಗಿಗೂ ಬಸ್ಸಿನ ಖರ್ಚೂ ತಗಲಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ 36,000 ರೂಪಾಯಿಯನ್ನು ಕಟ್ಟಿದ್ದರೂ ಏಳನೆಯ ತಿಂಗಳಿಗೆ ಕೂದಲು ಬರುತ್ತಿತ್ತು. ನಾವು ಆ ಚಿಕಿತ್ಸಾಲಯವನ್ನು ಊರೆಲ್ಲ ಹೊಗಳುತ್ತಿದ್ದೆವು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಗಂಟುಹಾಕುವ ಕಾಕತಾಳೀಯ ನ್ಯಾಯವನ್ನು ನಾವೆಲ್ಲ ಕೇಳಿದ್ದೇವೆ. ಕೇಶತೈಲಗಳ ಕೀರ್ತಿಯಲ್ಲಿ ಬಹುಭಾಗ ಈ ತಾಳೆಮರದ ಕೆಳಗೇ ಬಿದ್ದು ಸಿಕ್ಕಿದ್ದು.

ಎಣ್ಣೆಯೂ ನೀರೂ

ಕೂದಲಿನ ಚಿಂತೆ ಹೊಸದಲ್ಲ. ಆಯುರ್ವೇದದ ಪ್ರಾಚೀನ ಗ್ರಂಥಗಳಲ್ಲಿ ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳಿವೆ. ಗರುಗದ ಸೊಪ್ಪು, ದಾಸವಾಳ, ಮೆಂತ್ಯ, ಸೀಗೆಕಾಯಿಗಳನ್ನು ಅರಿಯದ ಅಜ್ಜಿಯರಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರು ತಯಾರಿಸುವ ‘ಆದಿವಾಸಿ’ ಕೇಶತೈಲದ ಹೆಸರು ದೇಶದಾದ್ಯಂತ ಹಬ್ಬಿತು. ಗಿಡಮೂಲಿಕೆಯ ವಸ್ತುಗಳನ್ನು ಹೊತ್ತು ದೇಶಾಂತರ ಹೋಗಿ ಮಾರುವ ಸಾಹಸ ಈ ಜನರದು; 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧ ತೊಡಗಿದಾಗ ಅಲ್ಲಿ ಸಿಕ್ಕಿಕೊಂಡ ಭಾರತೀಯರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳೂ ಇದ್ದರೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗೌರವ ಬೇರೆ, ಗುಣದ ಪರೀಕ್ಷೆ ಬೇರೆ.

ಎಣ್ಣೆಯಿಂದ ಪ್ರಯೋಜನವಿಲ್ಲವೆಂದಲ್ಲ. ಕೊಬ್ಬರಿ ಎಣ್ಣೆಯು ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಖನಿಜ ತೈಲಕ್ಕೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಕಾಣಲಿಲ್ಲ. ಆದರೆ ಇದು ಹುಟ್ಟಿದ ಕೂದಲಿನ ರಕ್ಷಣೆ; ಹುಟ್ಟದ ಕೂದಲನ್ನು ಹುಟ್ಟಿಸುವ ಮಾತಲ್ಲ. ಕಿರಿದಾದ ಬುಡವನ್ನು ಎಣ್ಣೆ ಹಿಗ್ಗಿಸಲಾರದು. ಕಾನೂನೂ ಇದನ್ನೇ ಹೇಳುತ್ತದೆ. 1940ರ ಔಷಧ ಕಾಯಿದೆಯ ಅಡಿಯಲ್ಲಿ ರಚಿತವಾದ 1945ರ ನಿಯಮಗಳಲ್ಲಿ ‘ಜೆ’ ಎಂಬ ಅನುಸೂಚಿಯೊಂದಿದೆ. ಯಾವ ಯಾವ ವ್ಯಾಧಿಗಳನ್ನು ಗುಣಪಡಿಸುವೆವೆಂದು ಔಷಧಗಳು ಹೇಳಿಕೊಳ್ಳಬಾರದೋ ಅವುಗಳ ಪಟ್ಟಿ ಅದು. ಕ್ಯಾನ್ಸರ್, ಕುರುಡುತನಗಳ ಜೊತೆಗೆ ಬೊಕ್ಕತಲೆಯೂ, ಹೊಸ ಕೂದಲಿನ ಬೆಳವಣಿಗೆಯೂ ಅದರಲ್ಲಿ ಸೇರಿವೆ.

ಕಳೆದ ವರ್ಷ ಒಂದು ತೈಲದ ಮಾರಾಟ ಪ್ರತಿನಿಧಿ ನಮ್ಮ ಅಂಗಡಿಗೆ ಬಂದು, ಸೀಸೆಗಳನ್ನು ಕನ್ನಡಿಯ ಕೆಳಗೆ ಇಟ್ಟರೆ ಬೆಲೆಯಲ್ಲಿ ಕಾಲುಭಾಗ ನಿಮಗೆಂದನು. ಹತ್ತು ಸೀಸೆ ಮಾರಿದರೆ ಬರುವ ಹಣ ನಮಗೆ ಸಣ್ಣದಲ್ಲ. ಅಂದು ನನ್ನ ಪರೀಕ್ಷಾ ಶುಲ್ಕವಿನ್ನೂ ಬಾಕಿಯಿತ್ತು. ತಂದೆಯವರು, “ನೀನು ಓದಿದವನು, ನೋಡಿ ಹೇಳು” ಎಂದು ಸೀಸೆಯನ್ನು ನನ್ನ ಕೈಗಿತ್ತರು. ಅದರ ಮೇಲಿದ್ದ ಚೀಟಿಯನ್ನು ಓದಿ ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಪ್ರತಿನಿಧಿಗೆ ಕೊಟ್ಟ ಉತ್ತರ ಚಿಕ್ಕದು: “ಸ್ವಾಮಿ, ನನ್ನ ಗಿರಾಕಿ ತಿಂಗಳಿಗೊಮ್ಮೆ ಇದೇ ಕುರ್ಚಿಗೆ ಮರಳಿ ಬರುತ್ತಾನೆ. ಅವನ ತಲೆ ನೋಡಿಕೊಂಡು ನಾನು ಮಾತಾಡಬೇಕು. ನೀವು ಬರಬೇಕಾಗಿಲ್ಲವಲ್ಲ.” ವಿಶ್ವಾಸವು ವ್ಯಾಪಾರದ ಬಂಡವಾಳವೆಂಬ ತತ್ತ್ವವನ್ನು ನಾನು ತರಗತಿಯಲ್ಲಿ ಕಲಿತದ್ದು ಆಮೇಲೆ. ಪರೀಕ್ಷಾ ಶುಲ್ಕಕ್ಕೆ ಸಾಲ ಮಾಡಿದೆವು, ತೀರಿಸಿದೆವು.

ಇನ್ನು ನೀರಿನ ವಿಚಾರ. ಕೃಷ್ಣರಾಜಪುರ, ಮಹದೇವಪುರದ ಕಡೆಯ ನಮ್ಮ ಸಹಪಾಠಿಗಳು ಕೂದಲುದುರುವುದಕ್ಕೆಲ್ಲ ಕೊಳವೆಬಾವಿಯ ಗಡಸು ನೀರೇ ಕಾರಣವೆಂದು ದೂರುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ನೀರಿನ ಮೇಲೆ ಸಿಟ್ಟಿರುವುದು ಸಹಜವೇ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಉದ್ಘಾಟನೆಯಾದಾಗ ಅವರಲ್ಲಿ ಕೆಲವರು ಕೂದಲಿಗಾಗಿಯೇ ಸಂತೋಷಪಟ್ಟರು! ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡಬಹುದು, ನಡುವೆ ಮುರಿಯುವಂತೆ ಮಾಡಬಹುದು. ಆದರೆ ಮುರಿಯುವುದು ಬೇರೆ, ಬುಡ ಸಮೇತ ಉದುರುವುದು ಬೇರೆ. ಬಿದ್ದ ಕೂದಲಿನ ತುದಿಯಲ್ಲಿ ಬಿಳಿಯ ಚಿಕ್ಕ ಗಂಟಿದ್ದರೆ ಅದು ಬುಡದಿಂದ ಬಂದದ್ದು, ನೀರನ್ನು ಬಯ್ದು ಪ್ರಯೋಜನವಿಲ್ಲ. ಸ್ನಾನದ ನಲ್ಲಿಗೆ ಸಿಕ್ಕಿಸುವ ಸಣ್ಣ ಶೋಧಕಗಳು ಕ್ಲೋರಿನ್ನನ್ನು ಕಡಮೆ ಮಾಡಿಯಾವು; ಗಡಸುತನ ತೆಗೆಯಲು ಅಯಾನು ವಿನಿಮಯದ ಯಂತ್ರವೇ ಬೇಕು. ಬಯೋಟಿನ್ ಮಾತ್ರೆಗಳ ಕಥೆಯೂ ಹೀಗೆಯೇ: ಅದರ ಕೊರತೆ ಇದ್ದವರಿಗೆ ಅದು ಮದ್ದು, ಕೊರತೆಯಾದರೋ ಅಪರೂಪ. ಮೇಲಾಗಿ ಅದು ರಕ್ತ ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದೆಂದು 2017ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು.

ಪರೀಕ್ಷೆಗೆ ನಿಂತ ಔಷಧಿಗಳು

ವಂಶಪಾರಂಪರ್ಯದ ಬೋಳುತನಕ್ಕೆ ಪರೀಕ್ಷೆಗಳಲ್ಲಿ ಚೆನ್ನಾಗಿ ನಿಂತ ಔಷಧಿಗಳು ಮುಖ್ಯವಾಗಿ ಎರಡು. ಎರಡೂ ಬೇರೆ ಉದ್ದೇಶಕ್ಕೆಂದು ಹುಟ್ಟಿದವುಗಳೆಂಬುದು ವಿನೋದದ ಸಂಗತಿ. ಮಿನಾಕ್ಸಿಡಿಲ್ ಎಂಬುದು ರಕ್ತದೊತ್ತಡವನ್ನಿಳಿಸುವ ಮಾತ್ರೆಯಾಗಿ 1979ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವವನ್ನಾಗಿ ಮಾಡಿದರು. ಅದಕ್ಕೆ 1988ರಲ್ಲಿ ಒಪ್ಪಿಗೆ ದೊರೆಯಿತು. ಫಿನಾಸ್ಟರೈಡ್ ಎಂಬುದು ವೃದ್ಧರ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ 1992ರಲ್ಲಿ ಬಂದ ಮಾತ್ರೆ. ಅದರ ಐದನೆಯ ಒಂದು ಪ್ರಮಾಣವಾದ 1 ಮಿಲಿಗ್ರಾಮು 1997ರಲ್ಲಿ ಗಂಡಸರ ಕೂದಲಿಗೆ ಅನುಮತಿ ಪಡೆಯಿತು. ಮೇಲೆ ಹೇಳಿದ ಕಿಣ್ವವನ್ನೇ ಇದು ತಡೆಯುತ್ತದೆ.

ಈಗ ಲೆಕ್ಕ ಹಾಕೋಣ. ಮಿನಾಕ್ಸಿಡಿಲನ್ನು ಗಂಡಸರು ಸಾಮಾನ್ಯವಾಗಿ ದಿನಕ್ಕೆರಡು ಸಲ, ಸಲಕ್ಕೆ 1 ಮಿಲಿಲೀಟರಿನಂತೆ ಹಚ್ಚಬೇಕು. 60 ಮಿಲಿಲೀಟರಿನ ಸೀಸೆ ಸರಿಯಾಗಿ ಒಂದು ತಿಂಗಳು ಬರುತ್ತದೆ. ಸೀಸೆಗೆ 600 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 7,200, ಹತ್ತು ವರ್ಷಕ್ಕೆ 72,000 ರೂಪಾಯಿ. ಹತ್ತು ವರ್ಷವೇಕೆನ್ನುವಿರಾ? ಹಚ್ಚುವುದನ್ನು ನಿಲ್ಲಿಸಿದ ಕೆಲವೇ ತಿಂಗಳುಗಳಲ್ಲಿ ಬಂದದ್ದೆಲ್ಲ ಹೊರಟುಹೋಗುತ್ತದೆ. ಇದು ಒಮ್ಮೆ ಕೊಂಡು ತರುವ ಕೊಡೆಯಲ್ಲ, ತಿಂಗಳು ತಿಂಗಳು ಕೊಡಬೇಕಾದ ಬಾಡಿಗೆ. ಫಲವನ್ನು ತೂಗಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಕಾಯಬೇಕು. ಆರಂಭದ ವಾರಗಳಲ್ಲಿ ಉದುರುವಿಕೆ ಹೆಚ್ಚಾಗುವುದೂ ಉಂಟು. ಆಗ ಹೆದರಿ ಬಿಟ್ಟವರು ಹಣವನ್ನೂ ಕೂದಲನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಫಿನಾಸ್ಟರೈಡ್ ಮಾತ್ರೆಗೆ 10 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 3,650 ರೂಪಾಯಿ. 1998ರಲ್ಲಿ ಪ್ರಕಟವಾದ, 1,553 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ವರ್ಷಗಳ ಕೊನೆಗೆ ಇದನ್ನು ನುಂಗಿದವರಲ್ಲಿ ನೂರಕ್ಕೆ 83 ಮಂದಿಯ ಕೂದಲ ಎಣಿಕೆ ಕುಗ್ಗಲಿಲ್ಲ; ಹುಸಿ ಮಾತ್ರೆ ನುಂಗಿದವರಲ್ಲಿ ಹಾಗೆ ಉಳಿದವರು ನೂರಕ್ಕೆ 28 ಮಂದಿ ಮಾತ್ರ. ಬೆಲೆಗೆ ತಕ್ಕ ಫಲವೆಂದು ಇದನ್ನು ಹೇಳಬಹುದು. ಆದರೆ ಇದು ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕ ವಸ್ತುವಲ್ಲ. ಕೆಲವರಲ್ಲಿ ಲೈಂಗಿಕ ತೊಂದರೆ ಕಾಣುತ್ತದೆ. ಪರೀಕ್ಷೆಗಳಲ್ಲಿ ಅದು ನೂರಕ್ಕೆ 3.8 ಮಂದಿಯಲ್ಲಿ ಕಂಡಿತು, ಹುಸಿ ಮಾತ್ರೆಯವರಲ್ಲಿ 2.1. ಮನಸ್ಸಿನ ಖಿನ್ನತೆಯ ಬಗ್ಗೆಯೂ ಎಚ್ಚರಿಕೆಯಿದೆ. ಗರ್ಭಿಣಿಯರಂತೂ ಒಡೆದ ಮಾತ್ರೆಯನ್ನು ಮುಟ್ಟಲೂ ಕೂಡದು. ಸ್ನೇಹಿತನ ಮಾತ್ರೆಯನ್ನು ಸಾಲ ತೆಗೆದುಕೊಳ್ಳುವ ನಮ್ಮ ಹಾಸ್ಟೆಲಿನ ಪದ್ಧತಿ ಇಲ್ಲಿ ಸಲ್ಲದು.

ಇವುಗಳ ನಡುವೆ ನಮ್ಮದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ತಿರುಗಿಸಿ, ಕಿರುಬಿಲ್ಲೆಗಳು ಹೆಚ್ಚಾಗಿರುವ ಭಾಗವನ್ನು ತಲೆಗೆ ಚುಚ್ಚುವ ಪಿ.ಆರ್.ಪಿ. ಎಂಬ ವಿಧಾನವೂ ಉಂಟು. ಸಲಕ್ಕೆ 5,000 ರೂಪಾಯಿಯೆಂದರೂ ವರ್ಷಕ್ಕೆ ಆರು ಸಲಕ್ಕೆ 30,000. ಕೆಲವು ಸಣ್ಣ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕಂಡಿದೆ. ಆದರೆ ತಯಾರಿಸುವ ಕ್ರಮ ಒಬ್ಬೊಬ್ಬರದು ಒಂದೊಂದು ಬಗೆಯಾದ್ದರಿಂದ ಒಂದು ಕಡೆಯ ಫಲವನ್ನು ನಂಬಿ ಇನ್ನೊಂದು ಕಡೆ ಹಣ ಕೊಡುವುದು ಜಾಣತನವಲ್ಲ. ಮಾತ್ರೆಗಿಂತ ಎಂಟು ಮಡಿ ಬೆಲೆ ಕೊಡುವವನು ಎಂಟು ಮಡಿ ಪ್ರಮಾಣವನ್ನೂ ಕೇಳಬೇಕು.

ಕೂದಲು ನೆಡುವ ಶಸ್ತ್ರಕ್ರಿಯೆ

ತಲೆಯ ಹಿಂಭಾಗದ ಕೂದಲನ್ನು ಬುಡಸಹಿತ ತೆಗೆದು ಮುಂದೆ ನೆಟ್ಟರೆ ಅದು ತನ್ನ ಹುಟ್ಟುಗುಣವನ್ನು ಬಿಡದೆ ಅಲ್ಲಿಯೂ ಬೆಳೆಯುತ್ತದೆಂಬುದನ್ನು ನ್ಯೂಯಾರ್ಕಿನ ನಾರ್ಮನ್ ಓರೆನ್‌ಟ್ರೈಕ್ ಎಂಬ ವೈದ್ಯರು 1959ರಲ್ಲಿ ಪ್ರಕಟಿಸಿದರು. ಇಂದಿನ ಕೇಶಕಸಿಯೆಲ್ಲ ಆ ತತ್ತ್ವದ ಮೇಲೆ ನಿಂತಿದೆ. 2,000 ಬುಡಗಳನ್ನು ತಲಾ 40 ರೂಪಾಯಿಯಂತೆ ನೆಟ್ಟರೆ 80,000 ರೂಪಾಯಿ. ಇದರ ಮೇಲೆ ತೆರಿಗೆ. ಸಾಮಾನ್ಯವಾಗಿ ವೈದ್ಯಸೇವೆಗೆ ಜಿ.ಎಸ್.ಟಿ. ವಿನಾಯಿತಿಯಿದ್ದರೂ, ಜನ್ಮದೋಷ ಅಥವಾ ಅಪಘಾತದ ಕಾರಣದಿಂದಲ್ಲದೆ ಮಾಡುವ ಕೇಶಕಸಿಗೆ ಆ ವಿನಾಯಿತಿ ಇಲ್ಲ. ನೂರಕ್ಕೆ 18ರಂತೆ 14,400 ಸೇರಿ ಒಟ್ಟು 94,400 ರೂಪಾಯಿಯಾಗುತ್ತದೆ.

ಇಲ್ಲಿ ಕೃಷಿಕನ ಮಕ್ಕಳಿಗೆ ಸುಲಭವಾಗಿ ತಿಳಿಯುವ ಮಾತೊಂದಿದೆ. ನಾಟಿ ಮಾಡಿದರೆ ಪೈರಿನ ಸ್ಥಳ ಬದಲಾಗುತ್ತದೆಯೇ ಹೊರತು ಸಸಿಗಳ ಸಂಖ್ಯೆ ಹೆಚ್ಚುವುದಿಲ್ಲ. ಹಿಂದಲೆಯೆಂಬ ಒಟ್ಟಲು ಪಾತಿಯಲ್ಲಿರುವುದು ಮಿತವಾದ ಸಸಿ. ಇಪ್ಪತ್ತು ವರ್ಷದವನ ತಲೆ ಮುಂದೆ ಎಷ್ಟು ಬೋಳಾಗುವುದೆಂಬುದು ಇನ್ನೂ ಸ್ಪಷ್ಟವಾಗಿರುವುದಿಲ್ಲ. ಈಗ ಹಣೆಯ ಮುಂದೆ ನೆಟ್ಟು, ಹತ್ತು ವರ್ಷಗಳ ನಂತರ ಅದರ ಹಿಂದಿನದೆಲ್ಲ ಉದುರಿದರೆ ಮುಂದೊಂದು ಬೇಲಿ, ಹಿಂದೆ ಬಯಲು ಎಂಬಂತಾದೀತು. ಅದನ್ನು ತಡೆಯಲು ಮತ್ತೆ ಔಷಧಿಯ ಬಾಡಿಗೆ ಕಟ್ಟಲೇಬೇಕು. ನೆಟ್ಟದ್ದು ಮೊದಲ ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳಿಗೆ ಚಿಗುರಿ, ಪೂರ್ಣ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಕೈ ಯಾರದೆಂಬುದೂ ಮುಖ್ಯ. ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಈ ಶಸ್ತ್ರಕ್ರಿಯೆಗೆ ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಬೇಕಾಗಿ ಬಂದಿತೆಂದರೆ ಪರಿಸ್ಥಿತಿ ಊಹಿಸಬಹುದು.

ಲೆಕ್ಕದ ತಾತ್ಪರ್ಯ

ಬೆಲೆ ಬೇರೆ, ಮೌಲ್ಯ ಬೇರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ವಸ್ತುವಿನ ನಿಜವಾದ ವೆಚ್ಚವೆಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟ ಮತ್ತೊಂದು ವಸ್ತು ಎಂಬುದು ಎರಡನೆಯದು. 94,400 ರೂಪಾಯಿ ಶ್ರೀಮಂತನಿಗೆ ಒಂದು ಪ್ರವಾಸ. ನಮ್ಮಂಥ ಮನೆಗಳಿಂದ ಬಂದವರಿಗೆ ಬಿ.ಎಡ್. ಪದವಿ, ತಂಗಿಯ ಓದು, ಅಥವಾ ತಂದೆಯ ಅಂಗಡಿಗೆ ಎರಡು ಹೊಸ ಕುರ್ಚಿಗಳು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಡೆಯುವಾಗ ಫಲಕದ ಮೇಲೆ ಕಾಣುವ ಕಂತಿನ ಮೊತ್ತವನ್ನಲ್ಲ, ಕಂತುಗಳ ಸಂಖ್ಯೆಯನ್ನು ಓದಬೇಕು.

ಹಾಗೆಂದು ಕೂದಲಿನ ದುಃಖ ಹುಸಿಯೆಂದು ನಾನು ಹೇಳಲಾರೆ. ಕನ್ನಡಿಯ ಮುಂದೆ ದನಿ ತಗ್ಗಿಸಿದವರನ್ನು ನಾನು ಕಂಡಿದ್ದೇನೆ. ಕೂದಲಿದ್ದವರು ಹೇಗೂ ತುರುಬು ಕಟ್ಟಿಯಾರು, ಇಲ್ಲದವರಿಗೆ ಬುದ್ಧಿ ಹೇಳುವುದು ಸುಲಭ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಚಿತ್ರದಲ್ಲಿ ಬೋಳುತಲೆಯ ಕನ್ನಡ ಉಪನ್ಯಾಸಕನನ್ನು ಕಂಡು ನಕ್ಕವರೆಲ್ಲ, ಚಿತ್ರ ಮುಗಿಯುವ ವೇಳೆಗೆ ಅವನ ಪಕ್ಷ ಸೇರಿದ್ದರು. ನಗುವವರು ಕಡಮೆಯಾದರೆ ಚಿಕಿತ್ಸೆಯ ಬೆಲೆಯೂ ಇಳಿದೀತು. ಏಕೆಂದರೆ ಈ ಪೇಟೆಯಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಹೆಚ್ಚಿನದು ಕೂದಲಲ್ಲ, ನಾಚಿಕೆಯಿಂದ ಬಿಡುಗಡೆ. ತರಗತಿಯಲ್ಲಿ ಒಬ್ಬನ ನೆತ್ತಿಯ ಮೇಲೆ ಹಾಸ್ಯ ಮಾಡುವ ಮಿತ್ರರು, ತಾವು ಅವನ ಮನೆಯ ಖರ್ಚನ್ನು ಹೆಚ್ಚಿಸುತ್ತಿದ್ದೇವೆಂಬುದನ್ನು ತಿಳಿಯಬೇಕು.

ಆದ್ದರಿಂದ ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ. ಮೊದಲು ಸರ್ಕಾರಿ ಆಸ್ಪತ್ರೆಯ ಚರ್ಮವೈದ್ಯರಿಗೆ ತಲೆಯನ್ನು ತೋರಿಸಿರಿ. ನಮ್ಮ ಕಡೆಯವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ದೂರವಲ್ಲ. ಕಾರಣ ಜ್ವರವಾದರೆ ಕಾಯಿರಿ. ಕೊರತೆಯಾದರೆ ಕಬ್ಬಿಣ, ಬೇಳೆ, ಸೊಪ್ಪು. ವಂಶದ್ದಾದರೆ ವರ್ಷಕ್ಕೆ ಎಷ್ಟು, ಎಷ್ಟು ವರ್ಷ ಎಂಬೆರಡು ಪ್ರಶ್ನೆ ಕೇಳಿ, ನಿಮ್ಮ ಸಂಪಾದನೆಯಿಂದ ಆಗುವುದಾದರೆ ಮಾತ್ರ ತೊಡಗಿರಿ. ಯಾವ ಚಿಕಿತ್ಸೆಗೂ ಮೊದಲ ದಿನವೇ ಸಹಿ ಹಾಕಬೇಡಿರಿ. ಒಂದು ವಾರ ತಡೆದರೆ ತಲೆಯೇನೂ ಬೋಳಾಗದು. ಇದಾವುದೂ ಬೇಡವೆನ್ನುವವರಿಗೆ ಕೂದಲನ್ನು ಸಣ್ಣದಾಗಿ ಕತ್ತರಿಸಿಕೊಂಡು ತಲೆಯೆತ್ತಿ ನಡೆಯುವ ಮಾರ್ಗವೊಂದು ಇದ್ದೇ ಇದೆ. ಅದಕ್ಕೆ ತಗಲುವುದು ತಿಂಗಳಿಗೊಂದು ಕ್ಷೌರದ ಖರ್ಚು. ಫಲವೋ, ಕುರ್ಚಿಯಿಂದ ಏಳುವ ಮುನ್ನವೇ ಕೈಗೆ ಬರುತ್ತದೆ.